ಒಡಪು

ವಾಸ್ಕೋದ ನಗರಪಾಲಿಕೆ ಹಿಂದಿನ ಗಲ್ಲಿಯಲ್ಲಿ
ನಾನು ಝೆರಾಕ್ಸ್ ಅಂಗಡಿಯ ಹುಡುಗಿ.
ಗಾಜಿನ ಕೆಳಗೆ ಹಸಿರು ಬೆಳಕು ಹಾಯುತ್ತದೆ,
ಒಬ್ಬರು ಇಬ್ಬರಾಗುತ್ತಾರೆ, ಎರಡು ರೂಪಾಯಿಗೆ.
ಓರೆಯಾಗಿ ಬಂದವರು, ಮಸಿ ಹೆಚ್ಚಾಗಿ ಮುಖ ಕಳಕೊಂಡವರು
ಮೂಲೆಯ ರಟ್ಟಿನ ಡಬ್ಬಿಗೆ.
ತಿಂಗಳಿಗೊಮ್ಮೆ ಡಬ್ಬಿ ಕಿಲೋ ಲೆಕ್ಕದಲ್ಲಿ ಮಾರಾಟ,
ಮಾಲೀಕರ ಚಹಾದ ಖರ್ಚಿಗೆ.

ಒಂದು ಸಂಜೆ, ಕಲ್ಲಿದ್ದಲ ಪುಡಿ ಗಾಳಿಯಲ್ಲಿ ಬರುವ
ಬೈನಾದ ನಮ್ಮ ಮನೆಗೆ
ಅಜ್ಜಿ ತಂದ ಶೇಂಗಾದ ಪೊಟ್ಟಣ ಬಿಚ್ಚಿದರೆ
ಒಳಗೆ ಯಾರೋ ಫುರ್ಟಾಡೊ ಬಾಯಿಯ ಪ್ಯಾನ್ ಕಾರ್ಡು.
ಸಹಿಯ ಮೇಲೆ ಉಪ್ಪು, ಹುಟ್ಟಿದ ದಿನದ ಮೇಲೆ ಸಿಪ್ಪೆ.
ಎಡಕ್ಕೆ ವಾಲಿದ್ದು ನೋಡಿ ಗುರುತು ಹತ್ತಿತು:
ನನ್ನ ಕೈಯದೇ ಕೆಲಸ.
ನಕ್ಕೆವು. ತಿಂದೆವು.

ಚೌತಿ ಕಳೆದ ವಾರ ರಿಜಿಸ್ಟರ್ ಪತ್ರ:
ಗುರುಸಂಗವ್ವ ಹಡಗಲಿ ಎಂಬಾಕೆ
ನಾಸಿಕದಲ್ಲಿ ಮೋಟಾರ್ ಸೈಕಲ್ ಕೊಂಡಿದ್ದಾಳಂತೆ,
ನಾಲ್ಕು ಕಂತು ಬಾಕಿ.
ಅಜ್ಜಿ ಕೇಳಿದ್ದು ಒಂದೇ: "ಬಣ್ಣ ಯಾವುದಂತ?"

ಮೂವತ್ತು ವರುಷ ಸಿಮೆಂಟಿನ ಬುಟ್ಟಿ ಹೊತ್ತು
ಬೆರಳ ಗೆರೆಯೆಲ್ಲ ಸವೆಸಿಕೊಂಡವಳು.
ರೇಷನ್ ಅಂಗಡಿಯ ಕರಿ ಪೆಟ್ಟಿಗೆ ತಿಂಗಳು ತಿಂಗಳೂ
ಹೆಬ್ಬೆಟ್ಟು ಒತ್ತಿಸಿಕೊಂಡು, ಕೆಂಪಗೆ ಮಿನುಗಿ,
ಇವಳು ಇವಳಲ್ಲ ಎನ್ನುತ್ತದೆ.
ತೊಳಿ, ಸೆರಗಿಗೆ ಒರಸು, ಹುಣಸೆಹಣ್ಣು ತಿಕ್ಕು, ಮತ್ತೆ ಒತ್ತು.
ಐದು ಕಿಲೋ ಅಕ್ಕಿಗೆ ಸಿಗದ ಗುರುಸಂಗವ್ವ
ಎಂಬತ್ತು ಸಾವಿರದ ಗಾಡಿಗೆ ಥಟ್ಟನೆ ಸಿಕ್ಕಿದ್ದಳು.

ಲೆಕ್ಕ ಹಾಕಿದೆ. ಅವಳ ಕಾರ್ಡಿನ ಪ್ರತಿ
ಗ್ಯಾಸಿನವನಿಗೆ, ಸಿಮ್ಮಿನವನಿಗೆ, ಮೇಸ್ತ್ರಿಗೆ,
ಶಿರಡಿಗೆ ಹೋದಾಗ ಲಾಡ್ಜಿನವನಿಗೆ.
ಇನ್ನು ಮೂರು ಎಲ್ಲಿ ಹೋದವೋ.
ತೆಗೆದವಳಂತೂ ನಾನೇ, ಬಿಟ್ಟಿ.

ಠಾಣೆಯಲ್ಲಿ ಪೊಲೀಸಮ್ಮ ಕೊಂಕಣಿಯಲ್ಲಿ ಕೇಳಿದಳು,
ನಾನು ಕನ್ನಡಕ್ಕೆ ತಿರುಗಿಸಿದೆ: ಗಂಡನ ಹೆಸರು?
ಅಜ್ಜಿ ಬೆಂಚಿನಿಂದೆದ್ದು, ತಲೆಗೆ ಸೆರಗೆಳೆದು, ಒಡಪು ಹಾಕಿದಳು:
"ಹತ್ತಿ ಹೂವು ಹಳದಿ, ಹತ್ತಿ ಕಾಯಿ ಹಸರ,
ಹತ್ತು ಮಂದಿಯೊಳಗ ಹ್ಯಾಂಗ ಹೇಳಲಿ ಅವರ ಹೆಸರ..."
ಹೆಸರು ಬರುವಲ್ಲಿ ದನಿ ಪಿಸುಮಾತಿಗಿಳಿಯಿತು.
ಪೆನ್ನು ಕಾಯುತ್ತಿತ್ತು.
ಹೊರಗೆ ಬಂದು ನನಗಂದಳು:
"ಐವತ್ತು ವರ್ಷ ಬಾಯಾಗ ಮುಚ್ಚಿಟ್ಟದ್ದನ್ನ
ಮಷೀನಿಗೆ ಹಾಕಿ ಹತ್ತು ಪ್ರತಿ ತಗದಿ."

ಆ ರಾತ್ರಿ ಐವರನ್ನೂ ಒಲೆಯ ಮುಂದೆ ಕೂಡಿಸಿ
ಒಂದು ಹೊಸ ಒಡಪು ಕಲಿಸಿದಳು.
ಅರ್ಧ ಕೇಳುವವರದು, ಅರ್ಧ ಹೇಳುವವರದು.

ಈಗ ನಾನು ಕೊಡುವ ಪ್ರತಿಯ ಮುಖಕ್ಕೆ ಅಡ್ಡ ಬರೆಯುತ್ತೇನೆ:
ಗ್ಯಾಸಿಗೆ ಮಾತ್ರ. ಇಂಥ ತಾರೀಖು.
ಗಿರಾಕಿಗಳಿಗೂ ದಾರ ಕಟ್ಟಿದ ಪೆನ್ನು ಇಟ್ಟಿದ್ದೇನೆ.
ಕೆಲವರು ಬರೆಯುತ್ತಾರೆ. ಕೆಲವರು ಅದರಿಂದ ಕಿವಿ ಕೆರೆದುಕೊಳ್ಳುತ್ತಾರೆ.
ಕೆಟ್ಟ ಪ್ರತಿಗಳನ್ನು ಹರಿದು ಬಕೆಟ್ಟಿನ ನೀರಲ್ಲಿ ನೆನೆಹಾಕಿದರೆ
ಸಂಜೆಗೆ ಊರಿನ ಹೆಸರೆಲ್ಲ ಬೂದು ಗಂಜಿ.
ಮಾಲೀಕರು ಚಹಾ ಬಿಟ್ಟಿದ್ದಾರೆ, ನನ್ನ ಮೇಲೆ ಮುನಿದು.

ಕಾರ್ತಿಕದ ಒಂದು ರಾತ್ರಿ ಫೋನು.
ತಮ್ಮ ಚನಮಲ್ಲನ ದನಿ, ಥೇಟ್ ಅವನದೇ, ಅಳು ಬೇರೆ:
ಮಡಗಾಂವ್ ಹತ್ತಿರ ಗಾಡಿ ಬಿತ್ತು, ಆಸ್ಪತ್ರೆಯಾಗ ಅದೀನಿ,
ಹದಿನೈದು ಸಾವಿರ ಈಗಲೇ ಹಾಕಕ್ಕಾ, ಈಗಲೇ.
ನನ್ನ ಹೆಬ್ಬೆರಳು ಹೋಗಿಬಿಟ್ಟಿತ್ತು.
ಅಜ್ಜಿ ಫೋನು ಕಸಿದಳು. "ತಮ್ಮಾ, ಒಡಪು ಹಾಕು."
ಆ ಕಡೆ ಒಂದು ಉಸಿರು, ಅದರ ಹಿಂದೆ ಫ್ಯಾನಿನ ಸದ್ದು.
ಆಮೇಲೆ ಅದೂ ಇಲ್ಲ.

ಹನ್ನೊಂದಕ್ಕೆ ಚನಮಲ್ಲ ಜೆಟ್ಟಿಯಿಂದ ಬಂದ,
ಮೈಯೆಲ್ಲ ಮೀನಿನ ವಾಸನೆ, ಹಸಿವು.
ಬಾಗಿಲಲ್ಲೇ ಅವನಿಗೂ ಒಡಪು ಕೇಳಿ
ಆಮೇಲೆ ಅನ್ನ.

ನೋಟೀಸು ಇನ್ನೂ ಬರುತ್ತಲೇ ಇವೆ.
ಗಾಡಿಯ ಬಣ್ಣ ನೀಲಿಯಂತೆ.
ಒಡಪು ಯಾವುದೆಂದರೆ...
ಇಲ್ಲ, ಬರೆಯುವುದಿಲ್ಲ.
ಈ ಹಾಳೆಯೂ ಒಂದು ದಿನ
ಶೇಂಗಾ ಕಟ್ಟಲು ಹೋಗುತ್ತದೆ.